‘ಮಾಜಿ’ ಗಾಯಕ, ‘ಹವ್ಯಾಸಿ’ ಚಿತ್ರಕಾರ: ಎರಡು ಪದಗಳ ಮೇಲೆ ನನ್ನ ತಕರಾರು

ಕಳೆದ ಚಳಿಗಾಲದಲ್ಲಿ ಶಿವಮೊಗ್ಗದ ಒಂದು ಸಣ್ಣ ಸಭಾಂಗಣದಲ್ಲಿ ಹನ್ನೊಂದು ಜನರ ಚಿತ್ರಪ್ರದರ್ಶನ ನಡೆಯಿತು. ಅದರಲ್ಲಿ ನನ್ನ ಸೋದರಮಾವನ ಆರು ಜಲವರ್ಣ ಚಿತ್ರಗಳಿದ್ದವು. ಮಾವನಿಗೆ ಈಗ ಅರವತ್ತಾರು. ಚಿತ್ರಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಭದ್ರಾವತಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಉಳಿದ ಹತ್ತು ಜನರ ಚಿತ್ರಗಳ ಕೆಳಗೆ ಅಂಟಿಸಿದ ಚೀಟಿಯಲ್ಲಿ ಹೆಸರು, ಚಿತ್ರದ ಶೀರ್ಷಿಕೆ, ಮಾಧ್ಯಮ ಅಷ್ಟೇ ಇತ್ತು. ಮಾವನ ಚೀಟಿಯಲ್ಲಿ ಮಾತ್ರ ಇನ್ನೊಂದು ಸಾಲು: ‘ಮಾಜಿ ಆರ್ಕೆಸ್ಟ್ರಾ ಗಾಯಕರ ಹವ್ಯಾಸಿ ಕಲಾಕೃತಿಗಳು.’

ಬರೆದವರು ಕೆಟ್ಟವರಲ್ಲ. ಪ್ರೀತಿಯಿಂದಲೇ ಬರೆದಿದ್ದರು. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ.

ಮಾವ ಚೀಟಿ ಓದಿದ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಏನೂ ಅನ್ನಲಿಲ್ಲ. ಮಧ್ಯಾಹ್ನ ಹೊರಗೆ ಟೀ ಕುಡಿಯುತ್ತಿದ್ದಾಗ ನಿವೃತ್ತ ಅಧ್ಯಾಪಕರೊಬ್ಬರು ಬಂದು ಅವನ ಬೆನ್ನು ತಟ್ಟಿದರು. ‘ಗಂಟಲು ಕೈಕೊಟ್ಟ ಮೇಲೆ ಬ್ರಷ್ ಹಿಡಿದ್ರಾ? ಒಳ್ಳೇದಾಯ್ತು ಬಿಡಿ ಮಾರಾಯ್ರೆ, ಹೊತ್ತು ಹೋಗುತ್ತೆ’ ಅಂದರು. ಮಾವ ನಕ್ಕ. ಸಂಜೆ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, ‘ನಾಳೆ ಹೋಗಿ ಆ ಚಿತ್ರ ಎಲ್ಲ ತಂದ್ಬಿಡೋಣ ಕಣೋ’ ಅಂದ. ಪ್ರದರ್ಶನ ಮುಗಿಯಲು ಇನ್ನೂ ಎರಡು ದಿನ ಇತ್ತು.

ಮಾವ ಹಾಡುತ್ತಿದ್ದ ಭದ್ರಾವತಿ ಹೇಗಿತ್ತು ಅಂತ ಇವತ್ತಿನವರಿಗೆ ಸ್ವಲ್ಪ ಹೇಳಬೇಕು. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆ ಒಂದು ಕಡೆ, 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಇನ್ನೊಂದು ಕಡೆ. ಎರಡಕ್ಕೂ ತಮಿಳುನಾಡು, ಆಂಧ್ರ, ಕೇರಳದಿಂದ ಜನ ಕೆಲಸಕ್ಕೆ ಬಂದು ನೆಲೆಸಿದ್ದರು. ಗಣಪತಿ ಪೆಂಡಾಲಿನಲ್ಲಿ ಹಾಡುವವನಿಗೆ ನಾಲ್ಕು ಭಾಷೆಯ ಹಾಡು ಬರಲೇಬೇಕಿತ್ತು. ಎಂಬತ್ತರ ದಶಕದಲ್ಲಿ ಮಾವ ಅದಕ್ಕೆ ಐದನೆಯದನ್ನು ಸೇರಿಸಿದ. ಯಾರೋ ಕೊಟ್ಟ ಕ್ಯಾಸೆಟ್ ಕೇಳಿ ಕೇಳಿ, ಅರ್ಥವಾಗದ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ರಾತ್ರಿ ಹನ್ನೊಂದರ ಮೇಲೆ ಒಂದೇ ಒಂದು ರಾಕ್ ಹಾಡು ಹಾಡುತ್ತಿದ್ದ. ಹಾಡು ಅನ್ನುವುದಕ್ಕಿಂತ ಅದೊಂದು ಗರ್ಜನೆ. ಪಾಳಿ ಮುಗಿಸಿ ಬಂದವರು ಅದಕ್ಕೇ ಕಾದು ಕೂರುತ್ತಿದ್ದರು. ಪೇಪರ್ ಟೌನಿನಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ‘ರಾಕ್’ ಅಂದರೆ ಮನೆ ತೋರಿಸುತ್ತಿದ್ದರು.

ಆಮೇಲೆ ಏನಾಯಿತು? ಗಂಟಲೇನೂ ಕೈಕೊಡಲಿಲ್ಲ. ಗಿಟಾರು, ಕೀಬೋರ್ಡು, ಡ್ರಮ್ಸಿನ ಜಾಗಕ್ಕೆ ಟ್ರ್ಯಾಕ್ ಬಂತು. ಎಂಟು ಜನರ ಆರ್ಕೆಸ್ಟ್ರಾ ಒಂದು ಲ್ಯಾಪ್‌ಟಾಪ್ ಆಯಿತು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. ಕೈಯಲ್ಲಿ ಸಂಬಳ ಇಲ್ಲದ ಊರು ಪೆಂಡಾಲಿಗೆ ಎಷ್ಟು ಚಂದಾ ಕೊಟ್ಟೀತು? ಮಾವನ ಜೊತೆ ನುಡಿಸುತ್ತಿದ್ದವರು ಬೆಂಗಳೂರು, ತಿರುಪ್ಪೂರು ಅಂತ ಚದುರಿ ಹೋದರು. ಹಾಡುವುದಕ್ಕೆ ಜೊತೆ ಬೇಕು, ಮೈಕ್‌ಸೆಟ್ ಬೇಕು, ಕೇಳುವವರು ಬೇಕು. ಚಿತ್ರಕ್ಕೆ ಒಂದು ಹಾಳೆ, ಒಂದು ಲೋಟ ನೀರು ಸಾಕು. ಮಾವ ಚಿಕ್ಕಂದಿನಿಂದಲೂ ಚಿತ್ರ ಬರೆಯುತ್ತಿದ್ದವನೇ. ಈಗ ದಿನಾ ಬರೆಯತೊಡಗಿದ. ಹತ್ತು ವರ್ಷದಿಂದ ದಿನಾ ಬರೆಯುತ್ತಿದ್ದಾನೆ. ಇದನ್ನು ‘ಗಂಟಲು ಹೋಯಿತು, ಬ್ರಷ್ ಬಂತು’ ಎಂದು ಒಂದು ಸಾಲಿನಲ್ಲಿ ಮುಗಿಸುವವರು ಒಬ್ಬ ಮನುಷ್ಯನನ್ನಷ್ಟೇ ಅಲ್ಲ, ಒಂದು ಊರಿನ ಇಪ್ಪತ್ತು ವರ್ಷವನ್ನೂ ಕಾಣದವರು.

ರಾಕ್ ಲೋಕದಲ್ಲಿ ಮಾವನಿಗೊಬ್ಬ ಅಣ್ಣನಿದ್ದಾನೆ. ಹೆಸರು ಡಾನ್ ವಾನ್ ವ್ಲೀಟ್. ಜಗತ್ತಿಗೆ ಅವನು ಕ್ಯಾಪ್ಟನ್ ಬೀಫ್‌ಹಾರ್ಟ್. 1941ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ. ಹುಡುಗನಾಗಿದ್ದಾಗಲೇ ಮಣ್ಣಿನಲ್ಲಿ ಪ್ರಾಣಿಗಳನ್ನು ಮಾಡುತ್ತಿದ್ದ, ಟೀವಿಯಲ್ಲೂ ಕಾಣಿಸಿಕೊಂಡಿದ್ದ. ಮನೆಯವರು ಮರುಭೂಮಿಯಂಚಿನ ಲ್ಯಾಂಕಾಸ್ಟರ್ ಊರಿಗೆ ಹೋದರು. ಅಲ್ಲಿ ಫ್ರಾಂಕ್ ಝಾಪಾನ ಸ್ನೇಹವಾಯಿತು, ಸಂಗೀತ ಹಿಡಿಯಿತು. 1967ರಲ್ಲಿ ಮೊದಲ ಆಲ್ಬಮ್. ಝಾಪಾ ನಿರ್ಮಿಸಿದ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ 1969ರಲ್ಲಿ ಬಂತು. ಮೊದಲ ಸಲ ಕೇಳಿದವರಿಗೆ ಅದು ಪಾತ್ರೆ ಸಾಮಾನು ಉರುಳಿದ ಹಾಗೆ ಕೇಳುತ್ತದೆ. ಇವತ್ತು ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕೆಂದು ಆರಿಸಿದ ಧ್ವನಿಮುದ್ರಣಗಳ ಪಟ್ಟಿಯಲ್ಲಿದೆ. 1982ರಲ್ಲಿ ಕೊನೆಯ ಆಲ್ಬಮ್ ಮಾಡಿ, ನಲವತ್ತೊಂದರ ವಯಸ್ಸಿನಲ್ಲಿ ವಾನ್ ವ್ಲೀಟ್ ಹಾಡು ನಿಲ್ಲಿಸಿದ. 1985ರಲ್ಲಿ ನ್ಯೂಯಾರ್ಕಿನ ಮೇರಿ ಬೂನ್ ಗ್ಯಾಲರಿಯಲ್ಲಿ ಅವನ ಚಿತ್ರಗಳ ಪ್ರದರ್ಶನವಾಯಿತು. 2010ರಲ್ಲಿ ಸಾಯುವವರೆಗೂ ಅವನು ಮತ್ತೆ ವೇದಿಕೆಗೆ ಮರಳಲಿಲ್ಲ.

ಈಗ ಲೆಕ್ಕ ಹಾಕಿ. ಮೊದಲ ಆಲ್ಬಮಿನಿಂದ ಕೊನೆಯದಕ್ಕೆ ಹದಿನೈದು ವರ್ಷ. ಹಾಡು ಬಿಟ್ಟಲ್ಲಿಂದ ಸಾವಿನವರೆಗೆ ಇಪ್ಪತ್ತೆಂಟು ವರ್ಷ. ಇದರಲ್ಲಿ ಹವ್ಯಾಸ ಯಾವುದು ಹೇಳಿ ನೋಡೋಣ?

ಅವನು ಹಾಡು ಬಿಟ್ಟಿದ್ದಕ್ಕೆ ಒಂದು ಕಾರಣವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಹಾಡುತ್ತಲೇ ಇದ್ದರೆ ನಿನ್ನನ್ನು ಯಾರೂ ಚಿತ್ರಕಾರನೆಂದು ಒಪ್ಪುವುದಿಲ್ಲ, ಚಿತ್ರ ಬರೆಯುವ ಹಾಡುಗಾರನೆಂದೇ ನೋಡುತ್ತಾರೆ ಎಂದು ಚಿತ್ರಲೋಕದ ಹಿತೈಷಿಗಳು ಬುದ್ಧಿ ಹೇಳಿದರಂತೆ. ಅಂದರೆ ಶಿವಮೊಗ್ಗದ ಟೀ ಅಂಗಡಿಯ ಮುಂದಿದ್ದ ರೋಗವೇ ನ್ಯೂಯಾರ್ಕಿನ ಗ್ಯಾಲರಿಯಲ್ಲೂ ಇತ್ತು. ಅಷ್ಟು ದೊಡ್ಡ ಹೆಸರಿನವನೂ ಒಂದು ಕಲೆಯ ಬಾಗಿಲು ಮುಚ್ಚಿ ಇನ್ನೊಂದರ ಬಾಗಿಲು ತಟ್ಟಬೇಕಾಯಿತು. ಇದು ಅವನ ಸೋಲಲ್ಲ. ನೋಡುವವರ ಸೋಲು.

ವಾನ್ ವ್ಲೀಟನನ್ನು ದೇವರು ಮಾಡಲು ನಾನು ಹೊರಟಿಲ್ಲ. ಬ್ಯಾಂಡಿನ ಹುಡುಗರನ್ನು ತಿಂಗಳುಗಟ್ಟಲೆ ಒಂದು ಮನೆಯಲ್ಲಿಟ್ಟು ಅರೆಹೊಟ್ಟೆಯಲ್ಲಿ ಅಭ್ಯಾಸ ಮಾಡಿಸಿದವನು. ಅವನು ಪಿಯಾನೋದಲ್ಲಿ ಬಡಿದ ತುಣುಕುಗಳನ್ನು ಕೂಡಿಸಿ ಎಲ್ಲರೂ ನುಡಿಸುವ ಹಾಗೆ ಮಾಡಿದ್ದು ಡ್ರಮ್ಮರ್ ಜಾನ್ ಫ್ರೆಂಚ್. ಆ ಆಲ್ಬಮ್ ಹೊರಬಂದಾಗ ಅದರ ಮೇಲೆ ಫ್ರೆಂಚ್ ಹೆಸರೇ ಇರಲಿಲ್ಲ. ಕ್ಯಾನ್ವಾಸಿನ ಮುಂದೆ ಹೀಗೆ ಇನ್ನೊಬ್ಬನ ದುಡಿಮೆಯ ಮೇಲೆ ನಿಲ್ಲುವ ಹಾಗಿಲ್ಲ. ಅಲ್ಲಿ ತಪ್ಪೂ ತನ್ನದೇ, ಒಪ್ಪೂ ತನ್ನದೇ. ಹಾಗಾಗಿ ಆ ಹೊರಳು ಸುಲಭದ ದಾರಿಯಾಗಿತ್ತು ಅನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ಬೇಡ. ಹೆಸರಿದ್ದರೆ ಏನು ಬರೆದರೂ ಗೋಡೆಗೇರುತ್ತದೆ. 2011ರಲ್ಲಿ ನ್ಯೂಯಾರ್ಕಿನ ಗಗೋಸಿಯನ್ ಗ್ಯಾಲರಿಯಲ್ಲಿ ಬಾಬ್ ಡಿಲನ್ ಏಷ್ಯಾದ ಚಿತ್ರಗಳ ಪ್ರದರ್ಶನ ಮಾಡಿದಾಗ, ಹಲವು ಚಿತ್ರಗಳು ಬೇರೆಯವರು ತೆಗೆದ ಫೋಟೋಗಳನ್ನೇ ನೋಡಿ ಬರೆದವು ಎಂದು ನೋಡುಗರು ಪತ್ತೆ ಹಚ್ಚಿದರು. ಅದರಲ್ಲಿ ಕಾರ್ಟಿಯೇ ಬ್ರೆಸಾನ್ ತೆಗೆದ ಫೋಟೋವೂ ಇತ್ತು. ಜೆಫರ್ಸನ್ ಏರ್‌ಪ್ಲೇನಿನ ಗ್ರೇಸ್ ಸ್ಲಿಕ್, ರಾಕ್ ವೇದಿಕೆ ಮುದುಕರಿಗಲ್ಲ ಎಂದು ಹಾಡು ಬಿಟ್ಟು ಚಿತ್ರಕ್ಕೆ ಬಂದರು. ಆದರೆ ಕೊಳ್ಳುವವರಿಗೆ ಬೇಕಾದದ್ದು ಅವರ ಪ್ರಸಿದ್ಧ ಹಾಡಿನ ಬಿಳಿ ಮೊಲ. ಪಿಂಕ್ ಫ್ಲಾಯ್ಡ್‌ನ ಸಿಡ್ ಬ್ಯಾರೆಟ್ ಇದಕ್ಕೆ ತದ್ವಿರುದ್ಧ. ಕಲಾಶಾಲೆಯಿಂದ ರಾಕ್‌ಗೆ ಬಂದವನು 1968ರಲ್ಲಿ ಬ್ಯಾಂಡಿನಿಂದ ಹೊರಬಿದ್ದ. ಕೆಲವು ವರ್ಷಗಳಲ್ಲಿ ಸಂಗೀತವನ್ನೇ ಬಿಟ್ಟು ಕೇಂಬ್ರಿಜ್‌ನ ಮನೆಗೆ ಮರಳಿದ. ಅಲ್ಲಿ ಚಿತ್ರ ಬರೆದು, ಅದರ ಫೋಟೋ ತೆಗೆದಿಟ್ಟುಕೊಂಡು, ಚಿತ್ರವನ್ನೇ ನಾಶ ಮಾಡುತ್ತಿದ್ದ. ಹೆಸರು ಕೆಟ್ಟ ಚಿತ್ರವನ್ನು ಮೇಲೆತ್ತಬಹುದು, ಒಳ್ಳೆಯ ಚಿತ್ರವನ್ನು ನೋಡಗೊಡದೆಯೂ ಇರಬಹುದು. ಎರಡಕ್ಕೂ ಬೇರು ಒಂದೇ: ನಾವು ಚಿತ್ರ ನೋಡುವುದಿಲ್ಲ, ಚೀಟಿ ಓದುತ್ತೇವೆ.

ನಮ್ಮೂರಿನ ಮಾತಿಗೆ ಬರೋಣ. ಶಿವಮೊಗ್ಗ ತನ್ನ ಹೆಸರನ್ನೇ ಕೊಟ್ಟ ಗಾಯಕ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಅವರನ್ನು ‘ಹವ್ಯಾಸಿ’ ಎಂದು ಯಾರಾದರೂ ಕರೆದರೇ? ಕೊನಗವಳ್ಳಿಯ ಲಂಕೇಶ್ ಇಂಗ್ಲಿಷ್ ಪಾಠ ಮಾಡಿದರು, ಕತೆ, ಕವಿತೆ, ನಾಟಕ ಬರೆದರು, ‘ಪಲ್ಲವಿ’ಗೆ ಶ್ರೇಷ್ಠ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿ ಪಡೆದರು, 1980ರಲ್ಲಿ ಪತ್ರಿಕೆ ಶುರು ಮಾಡಿದರು. ‘ಮಾಜಿ ಮೇಷ್ಟ್ರ ಹವ್ಯಾಸಿ ಸಿನಿಮಾ’ ಎಂದು ಪೋಸ್ಟರಿನಲ್ಲಿ ಅಚ್ಚು ಹಾಕಲು ಯಾರಿಗೆ ಧೈರ್ಯವಿತ್ತು? ತೇಜಸ್ವಿ ಹಕ್ಕಿಗಳ ಫೋಟೋ ತೆಗೆದದ್ದನ್ನು ಕತೆ ಬತ್ತಿದವನ ಕಾಲಹರಣ ಎಂದು ಯಾರೂ ಅನ್ನಲಿಲ್ಲ. ಓದಿದವರು, ಬರೆದವರು ಹತ್ತು ಕಡೆ ಕೈಯಾಡಿಸಿದರೆ ಅದು ಬಹುಮುಖ ಪ್ರತಿಭೆ. ಪೇಪರ್ ಟೌನಿನ ಆರ್ಕೆಸ್ಟ್ರಾದವನು ಎರಡನೆಯದಕ್ಕೆ ಕೈ ಹಾಕಿದರೆ ಹೊತ್ತು ಕಳೆಯುವ ದಾರಿ. ಈ ಚೀಟಿಯ ಹಿಂದಿರುವುದು ಕಲೆಯ ಪ್ರಶ್ನೆಯಲ್ಲ, ಅಂತಸ್ತಿನ ಪ್ರಶ್ನೆ.

ನಮ್ಮ ಮೇಷ್ಟ್ರು ಒಂದು ಒಳ್ಳೆಯ ವಾದ ಹೂಡಬಹುದು. ‘ಒಂದು ರಾಗ ಒಲಿಸಿಕೊಳ್ಳೋಕೆ ಒಂದು ಜನ್ಮ ಸಾಲಲ್ಲ, ನೀವು ಎರಡು ಕಲೆ ಅಂತೀರಲ್ಲ’ ಎನ್ನಬಹುದು. ಸಾಧನೆ ಬೇಕು, ಒಪ್ಪುತ್ತೇನೆ. ಆದರೆ ಸಾಧನೆಗೆ ಬೇಕಾದದ್ದು ಹೊತ್ತು, ಹಟ ಮತ್ತು ತಪ್ಪನ್ನು ತೋರಿಸುವವರು. ಮೊದಲೆರಡು ಮಾವನ ಹತ್ತಿರ ಇವೆ. ಮೂರನೆಯದನ್ನು ಕಿತ್ತುಕೊಂಡದ್ದು ‘ಹವ್ಯಾಸಿ’ ಎಂಬ ಪದ. ಆ ಆರು ಚಿತ್ರಗಳಲ್ಲಿ ಎರಡು ಕೆಟ್ಟಿವೆ. ಅವನಿಗೆ ಮನುಷ್ಯರ ಕೈ ಬರೆಯಲು ಬರುವುದಿಲ್ಲ, ಬೆರಳುಗಳು ಬೆಂಡೆಕಾಯಿ ಹಾಗಿರುತ್ತವೆ. ಉಳಿದ ನಾಲ್ಕರಲ್ಲಿ ಭದ್ರಾ ಹೊಳೆ, ಹೊಗೆಯಿಲ್ಲದ ಚಿಮಣಿ, ಖಾಲಿ ಕ್ವಾರ್ಟರ್ಸಿನ ಸಾಲು, ಮಳೆಗೆ ಜೋತುಬಿದ್ದ ಪೆಂಡಾಲು. ಅವುಗಳಲ್ಲಿ ಎಲ್ಲಿ ಬಣ್ಣ ಹಾಕದೆ ಹಾಳೆಯ ಬಿಳಿಯನ್ನು ಹಾಗೇ ಬಿಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿದೆ. ಎಲ್ಲಿ ಉಸಿರು ಬಿಡಬೇಕೆಂದು ಇಪ್ಪತ್ತೈದು ವರ್ಷ ಹಾಡಿ ಕಲಿತವನು ಅವನು. ಮೂರು ದಿನದಲ್ಲಿ ಅಲ್ಲಿಗೆ ಬಂದ ಒಬ್ಬರೂ ಬೆರಳಿನ ಬಗ್ಗೆ ಹೇಳಲಿಲ್ಲ, ಬಿಳಿಯ ಬಗ್ಗೆಯೂ ಹೇಳಲಿಲ್ಲ. ‘ಈ ವಯಸ್ಸಲ್ಲೂ ಎಷ್ಟು ಆಸಕ್ತಿ!’ ಅಂದರು. ಹವ್ಯಾಸಿ ಎಂದ ಮೇಲೆ ಬೈಯುವ ಹಾಗಿಲ್ಲ, ಹೊಗಳಬೇಕಾಗಿಯೂ ಇಲ್ಲ. ಇಂಥ ದಯೆಗಿಂತ ಬೈಗುಳ ಮೇಲು.

ಅಷ್ಟಕ್ಕೂ ಒಬ್ಬರಿಗೆ ಒಂದೇ ಕಲೆ ಎಂಬುದು ಈ ಮಣ್ಣಿನ ಮಾತೇ ಅಲ್ಲ. ಇದೇ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಮನೆಗಳಿಗೆ ಹೋಗಿ ನೋಡಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಹೆಂಗಸರು ಮದುವೆಯ ಹಸೆ ಚಿತ್ತಾರ ಬರೆಯುತ್ತಾರೆ. ಹಸೆಗೆ ಹಾಡೂ ಇದೆ. ಬರೆಯುವವರೂ ಅವರೇ, ಹಾಡುವವರೂ ಅವರೇ. ‘ನೀನು ಗಾಯಕಿಯೋ ಚಿತ್ರಕಾರ್ತಿಯೋ’ ಎಂದು ಆ ಅಜ್ಜಿಯನ್ನು ಕೇಳಿದರೆ ನಿಮ್ಮನ್ನೇ ಮೇಲಿಂದ ಕೆಳಗೆ ನೋಡಿಯಾಳು. ಸಂಗೀತಕ್ಕೊಂದು, ಚಿತ್ರಕ್ಕೊಂದು, ನಾಟಕಕ್ಕೊಂದು ಅಕಾಡೆಮಿ ಮಾಡಿಕೊಂಡದ್ದು ನಮ್ಮ ಆಡಳಿತದ ಅನುಕೂಲಕ್ಕೆ. ಕಡತದ ಗೋಡೆಯನ್ನು ತಲೆಯೊಳಗೂ ಕಟ್ಟಿಕೊಂಡದ್ದು ನಮ್ಮ ತಪ್ಪು.

ಮಾರನೆಯ ದಿನ ಮಾವ ಚಿತ್ರಗಳನ್ನು ತರಲು ಹೋಗಲಿಲ್ಲ. ನಾನೇ ಬೇಡ ಅಂದೆ, ಜಗಳವನ್ನೂ ಆಡಿದೆ. ಮುಗಿದ ದಿನ ಇಬ್ಬರೂ ಹೋಗಿ ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿದೆವು. ಆಮೇಲೆ ಎರಡು ವಾರ ಅವನು ಬ್ರಷ್ ಮುಟ್ಟಲಿಲ್ಲ ಎಂದು ಅತ್ತೆ ಹೇಳಿದರು. ಹತ್ತು ವರ್ಷದಲ್ಲಿ ಅದೇ ಮೊದಲು. ಪ್ರೀತಿಯಿಂದ ಬರೆದ ಒಂದು ಸಾಲು ಮಾಡಿದ ಕೆಲಸ ಅದು. ಆಮೇಲೆ ಒಂದು ಬೆಳಿಗ್ಗೆ ನಾನು ಹೋದಾಗ ಜಗಲಿಯಲ್ಲಿ ಕೂತು ಎಡಗೈಯನ್ನು ಎದುರಿಗಿಟ್ಟುಕೊಂಡು ಬಲಗೈಯಲ್ಲಿ ಅದನ್ನೇ ಬರೆಯುತ್ತಿದ್ದ. ಬೆರಳಿನ ವಿಷಯ ನಾನು ಜಗಳದಲ್ಲಿ ಬಾಯಿಬಿಟ್ಟಿದ್ದೆ. ಗಂಟಲಿನಲ್ಲಿ ಮಾತ್ರ ಆ ಹಳೇ ರಾತ್ರಿ ಹನ್ನೊಂದರ ಹಾಡು ಸಣ್ಣಗೆ ಗುರುಗುಟ್ಟುತ್ತಿತ್ತು. ಇವನು ಮಾಜಿಯಂತೆ.

ಪ್ರದರ್ಶನ ನಡೆಸುವವರಲ್ಲಿ ನನ್ನದು ಒಂದೇ ಕೇಳಿಕೆ. ಮುಂದಿನ ಸಲ ಚೀಟಿಯಲ್ಲಿ ಹೆಸರು, ಶೀರ್ಷಿಕೆ, ಮಾಧ್ಯಮ, ಬರೆದ ವರ್ಷ ಹಾಕಿ. ಅಷ್ಟು ಸಾಕು. ನೋಡಲು ಬರುವವರಲ್ಲಿ ಇನ್ನೊಂದು: ಚೀಟಿಗೆ ಮೊದಲು ಚಿತ್ರ ನೋಡಿ. ಬೆರಳು ಬೆಂಡೆಕಾಯಿ ಹಾಗಿದ್ದರೆ ಹಾಗೇ ಹೇಳಿ. ಮಾವ ಬೇಜಾರು ಮಾಡಿಕೊಳ್ಳುವುದಿಲ್ಲ.