ಇಪ್ಪತ್ತು ನಿಮಿಷದ ಪಾಠ, ನಲವತ್ತು ಅಡಿ ಕಡಲು

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಟ ಬೋಟಿನಲ್ಲಿ ನಾವು ಗೆಳೆಯರು ಕೂತಿದ್ದಾಗ ಕೈಗೊಂದು ಫಾರ್ಮ್ ಬಂತು. ಇಂಗ್ಲಿಷಿನಲ್ಲಿತ್ತು. ಬೋಟು ಕುಲುಕುತ್ತಿತ್ತು, ಪಕ್ಕದಲ್ಲಿದ್ದವರು ವಾಂತಿ ಮಾಡುತ್ತಿದ್ದರು. ಓದದೆ ಸಹಿ ಹಾಕಿದೆವು. ಆಮೇಲೆ ಇಪ್ಪತ್ತು ನಿಮಿಷ ಪಾಠ: ಬಾಯಲ್ಲೇ ಉಸಿರಾಡಿ, ಮೂಗು ಹಿಡಿದು ಕಿವಿಗೆ ಗಾಳಿ ಒತ್ತಿ, ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ. ಮುಗೀತು. ಬೆನ್ನಿಗೆ ಸಿಲಿಂಡರ್, ಕೆಳಗೆ ಕಡಲು.

ನಮಗೇನೂ ಆಗಲಿಲ್ಲ. ಮೀನು ಕಂಡೆವು, ವಿಡಿಯೊ ಸಿಕ್ಕಿತು, ಸರ್ಟಿಫಿಕೇಟೂ ಬಂತು. ಮನೆಗೆ ಬಂದು ಅಂಥದೇ ಫಾರ್ಮ್ ಹುಡುಕಿ ಓದಿದಾಗ ಬೆವರು ಬಂತು. ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ, ಫಿಟ್ಸ್ ಬಂದಿತ್ತೇ ಎಂದೆಲ್ಲ ಅದರಲ್ಲಿ ಕೇಳಿದ್ದರು. ನಮ್ಮಲ್ಲೊಬ್ಬನಿಗೆ ಚಿಕ್ಕಂದಿನಿಂದ ಉಬ್ಬಸ.

ಇದು ಸಣ್ಣ ವಿಷಯವಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ ಶ್ವಾಸಕೋಶ ಹರಿಯಬಹುದು. ಕೆರೆ, ಬಾವಿಯಲ್ಲಿ ಈಜು ಕಲಿತ ನಮಗೆ ನೀರಿನಡಿ ಹೋದ ಕೂಡಲೇ ಉಸಿರು ಕಟ್ಟುವುದೇ ಅಭ್ಯಾಸ. ಸ್ಕೂಬಾದಲ್ಲಿ ಆ ಅಭ್ಯಾಸವೇ ಜೀವಕ್ಕೆ ಕುತ್ತು. ಅದನ್ನು ಬಿಡಿಸಲು ಇಪ್ಪತ್ತು ನಿಮಿಷ ಸಾಕೇ?

ದೇಶ ವಿದೇಶಗಳಲ್ಲಿ ಡೈವಿಂಗ್ ಕಲಿಸುವ ‘ಪ್ಯಾಡಿ’ ಸಂಸ್ಥೆಯ ನಿಯಮ ನೋಡಿ. ನಾವು ಮಾಡಿದ್ದು ಬರೀ ರುಚಿ ತೋರಿಸುವ ಡೈವ್. ಬೋಧಕರು ಜೊತೆಗೇ ಇರಬೇಕು, 12 ಮೀಟರ್ ಅಂದರೆ ಸುಮಾರು ನಲವತ್ತು ಅಡಿ ದಾಟುವಂತಿಲ್ಲ. ಅದರಿಂದ ಯಾರೂ ಡೈವರ್ ಆಗುವುದಿಲ್ಲ. ‘ಓಪನ್ ವಾಟರ್’ ಎಂಬ ನಿಜವಾದ ಮೊದಲ ಕೋರ್ಸಿಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. ಥಿಯರಿ ಪಾಠ, ಈಜುಕೊಳದಂಥ ಶಾಂತ ನೀರಿನಲ್ಲಿ ಐದು ಅಭ್ಯಾಸ, ಕಡಲಲ್ಲಿ ನಾಲ್ಕು ಡೈವ್. ಜೊತೆಗೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಇಷ್ಟಾದ ಮೇಲೂ ಮಿತಿ 18 ಮೀಟರ್.

ರುಚಿ ತೋರಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ‘ಗಂಧದ ಗುಡಿ’ಯಲ್ಲಿ ಅಪ್ಪು ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿ ಆಸೆಪಟ್ಟವರಲ್ಲಿ ನಾವೂ ಇದ್ದೇವೆ. ರುಚಿ ತೋರಿಸಿ ‘ತರಬೇತಿ’ ಅಂತ ಮಾರುವುದಕ್ಕೆ, ಇರುವ ಅಷ್ಟು ಪಾಠವನ್ನೂ ಅಲೆಯ ಮೇಲೆ ಅವಸರದಲ್ಲಿ ಮುಗಿಸುವುದಕ್ಕೆ ನಮ್ಮ ವಿರೋಧ.

‘ಇಷ್ಟು ಜನ ಹೋಗಿ ಬಂದ್ರು, ಏನಾಯ್ತು?’ ಅನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ಇದೇ ಮುರುಡೇಶ್ವರದ ದಡದಲ್ಲಿ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಸ್ಕೂಬಾ ಅಲ್ಲ, ನಿಜ. ಆದರೆ ಆ ಹೆಣ್ಣುಮಕ್ಕಳು ಹೋದ ಮೇಲೆಯೇ ದಡಕ್ಕೆ ನಿರ್ಬಂಧ ಬಂತು. ಇಲ್ಲೂ ಹೆಣ ಬೀಳುವವರೆಗೆ ಕಾಯಬೇಕೇ?

‘ಬಿಗಿ ಮಾಡಿದರೆ ನಮ್ಮೂರ ಹುಡುಗರ ಹೊಟ್ಟೆಪಾಡು?’ ಎಂಬ ಮಾತೂ ಇದೆ. ಅವರ ಹೊಟ್ಟೆಪಾಡಿನ ಚಿಂತೆಯಿಂದಲೇ ಇದನ್ನು ಬರೆಯುತ್ತಿದ್ದೇವೆ. ಮಳೆಗಾಲದಲ್ಲಿ ಹೇಗೂ ಕೆಲಸವಿಲ್ಲ. ಒಂದು ಅವಘಡವಾದರೆ ಉಳಿದ ತಿಂಗಳೂ ಬಂದ್. ‘ಡೈವ್ ಮಾಸ್ಟರ್’ ಆಗಲು ಕನಿಷ್ಠ 60 ಡೈವ್‌ಗಳ ಲೆಕ್ಕ ಬೇಕು. ಮೀನುಗಾರರ ಮಕ್ಕಳಿಗೆ ಸರ್ಕಾರವೇ ದುಡ್ಡು ಕೊಟ್ಟು ಆ ಕೋರ್ಸ್ ಮಾಡಿಸಲಿ. ಕಡಲು ಬಲ್ಲವರು ಬರೀ ಸಿಲಿಂಡರ್ ಹೊರುವ ಕೂಲಿಗಳಾಗಿ ಯಾಕೆ ಉಳಿಯಬೇಕು?

ನಾವು ಕೇಳುವುದು ಇಷ್ಟೇ. ಆರೋಗ್ಯದ ಫಾರ್ಮ್ ಕನ್ನಡದಲ್ಲಿರಲಿ, ಬೋಟು ಹತ್ತುವ ಮೊದಲೇ ಕೈಗೆ ಬರಲಿ. ಆಳಕ್ಕಿಳಿಯುವ ಮೊದಲು ಶಾಂತ ನೀರಿನಲ್ಲಿ ಅಭ್ಯಾಸ ಕಡ್ಡಾಯವಾಗಲಿ. ‘ಇದು ತರಬೇತಿ ಅಲ್ಲ’ ಎಂದು ಬೋರ್ಡಿನಲ್ಲಿ ದೊಡ್ಡದಾಗಿ ಬರೆಯಲಿ.

ನೀವು ಹೋಗುವವರಿದ್ದರೆ ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ನನ್ನ ಜೊತೆ ಇಳಿಯುವವರ ಬೋಧಕ ಕಾರ್ಡ್ ತೋರಿಸುತ್ತೀರಾ? ಅವರೊಬ್ಬರ ಕೈಲಿ ಎಷ್ಟು ಜನ? ಬೋಟಿನಲ್ಲಿ ಆಮ್ಲಜನಕ ಇದೆಯೇ? ಉತ್ತರ ತಡವರಿಸಿದರೆ ದೇವಸ್ಥಾನ ನೋಡಿಕೊಂಡು ಮನೆಗೆ ಬನ್ನಿ. ನೇತ್ರಾಣಿ ಎಲ್ಲಿಗೂ ಹೋಗುವುದಿಲ್ಲ.