ಗಾಡಿಯೊಳಗ ಪಿಸ್ತೂಲ್ ಬ್ಯಾಡ್ರಿ

ಈ ವಾರ ಅಡಗಿ ಬರ್ಯೂದಿಲ್ರೀ. ಸಿಟ್ಟು ಬಂದದ, ಅದನ್ನಽ ಬರೀತೀನಿ.

ಮೂರು ವಾರದ ಹಿಂದ, ಶನಿವಾರ ಸಂಜಿಮುಂದ, ಇಲ್ಲೆ ಡಲ್ಲಾಸ್ ಕಡೆ ಇಂಡಿಯನ್ ಅಂಗಡಿಯಿಂದ ಕಾಯಿಪಲ್ಲೆ ತಗೊಂಡು ಬರ್ಲಿಕ್ಕತ್ತಿದ್ವಿ. ಗಾಡಿ ನಮ್ಮ ಮೈದುನಂದು. ಮುಂದ ಅಂವ, ಬಾಜೂಕ ನನ್ನ ನೆಗೆಣ್ಣಿ. ಹಿಂದ ನಾನು, ನನ್ನ ನಾಕು ವರ್ಷದ ಮಗಳು. ಹಿಂದಿಂದ ಕೆಂಪು-ನೀಲಿ ದೀಪ ಹತ್ತಿದ್ವು. ನಮ್ಮದೊಂದು ಬ್ರೇಕ್ ಲೈಟ್ ಹೋಗಿತ್ತಂತ. ಮೈದುನ ಗಾಡಿ ಬದಿಗೆ ನಿಲ್ಲಿಸಿದಾಂವನಽ ಇನ್ಶೂರೆನ್ಸ್ ಕಾಗದ ತಗೀಲಿಕ್ಕೆ ಗ್ಲೋವ್ ಬಾಕ್ಸಿಗೆ ಕೈ ಚಾಚಿದ. ತೆರದ್ರ, ಕಾಗದದ ಮ್ಯಾಲೆ ಕರೀ ಪಿಸ್ತೂಲ್!

"ಮುಚ್ಚೋ ಮಾರಾಯಾ, ಕೈ ಸ್ಟೇರಿಂಗ್ ಮ್ಯಾಲೆ ಇಡು" ಅಂತ ಚೀರಿದೆ. ಪುಣ್ಯಾಕ್ಕ ಆ ಪೊಲೀಸ ತಾಳ್ಮಿಯವ. ಮೈದುನ ಪಿಸ್ತೂಲ್ ಅದ ಅಂತ ಹೇಳಿದ ಮ್ಯಾಲೆ ಅವನ್ನ ಸಾವಕಾಶ ಇಳಿಸಿ, ತಾನಽ ಅದನ್ನ ತಗೊಂಡು, ಕಾಗದ ನೋಡಿ ಬಿಟ್ಟು ಕಳಿಸಿದ. ಮನಿ ಮುಟ್ಟಿದ್ರೂ ನನ್ನ ಕೈ ನಡಗೂದು ನಿಂತಿದ್ದಿಲ್ಲ. ಮೈದುನಂದು ಒಂದಽ ಮಾತು: "ವೈನಿ, ಸುಮ್ನ ಯಾಕ ಹೆದರ್ತೀರಿ? ಇದು ಟೆಕ್ಸಾಸ್. ಎಲ್ಲಾ ಕಾನೂನು ಪ್ರಕಾರನಽ ಅದ."

ಹೌದೇನ? ನೋಡೋಣು ಬರ್ರಿ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಾಗ 21 ವರ್ಷ ತುಂಬಿದವರು, ಬ್ಯಾರೆ ಯಾವ ಕಾನೂನಿನ ಅಡ್ಡಿ ಇಲ್ಲದವರು, ಪರವಾನಗಿ ಇಲ್ಲದನಽ ಪಿಸ್ತೂಲ್ ಇಟ್ಕೋಬಹುದು. ಖರೆ. ಆದ್ರ ಆ "ಅಡ್ಡಿ ಇಲ್ಲದವರು" ಅನ್ನೂ ಮಾತಿನಾಗಽ ನಮ್ಮ ಮಂದಿ ಸಿಕ್ಕೊಳ್ಳೂದು. ಮೈದುನಗ ಗ್ರೀನ್ ಕಾರ್ಡ್ ಅದ, ಅಂವ ಕೊಳ್ಳಬಹುದು. ನೆಗೆಣ್ಣಿ ಇನ್ನೂ ಎಚ್-1ಬಿ ಮ್ಯಾಲೆ ಇದ್ದಾಳ. ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿ, ಎಚ್-4ನಂಥಾ ವೀಸಾದ ಮ್ಯಾಲೆ ಬಂದವರು, ಬ್ಯಾಟಿ ಲೈಸೆನ್ಸ್‌ನಂಥಾ ಕೆಲವು ವಿನಾಯ್ತಿ ಬಿಟ್ರ, ಬಂದೂಕು ತಮ್ಮ ವಶದಾಗ ಇಟ್ಕೊಳ್ಳೂ ಹಂಗಿಲ್ಲ. ಶಿಕ್ಷಾ 15 ವರ್ಷದ ತನಕಾ ಆಗಬಹುದು. ಮ್ಯಾಲೆ ದೇಶಾ ಬಿಟ್ಟು ಕಳಿಸೂ ಭಯ. "ವಶ" ಅಂದ್ರ ಕೈಯಾಗ ಹಿಡಿದಿದ್ದಽ ಆಗಬೇಕಂತಿಲ್ಲ. ಅದು ಅಲ್ಲೆ ಅದ ಅಂತ ಗೊತ್ತಿದ್ದು, ಬೇಕಾದಾಗ ತಗೊಳ್ಳೂ ಹಂಗಿದ್ರೂ ಕೋರ್ಟಿನಾಗ ಮಾತು ಬರತದ. ಅವತ್ತು ಅದು ಇದ್ದದ್ದು ಅಕಿ ಮೊಣಕಾಲ ಮುಂದ. ಅದಽ ಗಾಡಿ ತಗೊಂಡು ಅಕಿ ದಿನಾ ಆಫೀಸಿಗೆ ಹೋಗ್ತಾಳ. ಅಂವನ ಶೋಕಿಗೆ ಅಕಿ ಯಾಕ ಕುತ್ತಿಗಿ ಕೊಡಬೇಕು?

ಸಾಲಿ ವಿಷಯ ಕೇಳ್ರಿ. ಸಾಲಿಯಿಂದ 1000 ಅಡಿ ಒಳಗ, ಆ ರಾಜ್ಯದ ಪರವಾನಗಿ ಇಲ್ಲದವರು ಗಾಡಿಯೊಳಗ ಬಂದೂಕು ಒಯ್ಯಬೇಕಂದ್ರ ಗುಂಡು ತಗದು, ಕೀಲಿ ಹಾಕಿದ ಪೆಟ್ಟಿಗಿಯೊಳಗ ಇಟ್ಟಿರಬೇಕು. ಇದೂ ಕೇಂದ್ರದ್ದಽ ಕಾನೂನು. ಮೈದುನ ಟೆಕ್ಸಾಸಿನ ಪರವಾನಗಿ ಮಾಡಿಸೇ ಇಲ್ಲ, "ಈಗ ಬೇಕಾಗಿಲ್ಲ" ಅಂತ. ವಾರದಾಗ ಎರಡು ದಿನಾ ನನ್ನ ಮಗಳನ್ನ ಸಾಲಿಗೆ ಬಿಡಾಂವ ಅವನಽ.

"ನಾ ಪೊಲೀಸರಿಗೆ ಮೊದಲಽ ಹೇಳಿಬಿಡ್ತೀನಿ, ಏನಾಗತದ?" ಅಂತಾನ. ಫಿಲಾಂಡೋ ಕ್ಯಾಸ್ಟೀಲ್ ಹೆಸರು ಕೇಳೀರೇನು? ಮಿನೆಸೋಟಾದ ಒಂದು ಸಾಲಿಯೊಳಗ ಹುಡುಗರಿಗೆ ಊಟಾ ಬಡಿಸಾಂವ, 32 ವರ್ಷ. ಪರವಾನಗಿ ಇತ್ತು. 2016ರ ಜುಲೈ 6ಕ್ಕ, ಬ್ರೇಕ್ ಲೈಟಿಂದಽ ನೆವಾ ಹೇಳಿ ಪೊಲೀಸ ಗಾಡಿ ನಿಲ್ಲಿಸಿದ. ನನ್ನ ಹತ್ತರ ಬಂದೂಕು ಅದ ಅಂತ ಅಂವ ಮರ್ಯಾದಿಯಿಂದ ಮೊದಲಽ ಹೇಳಿದ. ಕ್ಷಣದಾಗ ಏಳು ಗುಂಡು ಹಾರಿದ್ವು. ಹಿಂದಿನ ಸೀಟಿನ್ಯಾಗ ನಾಕು ವರ್ಷದ ಹೆಣ್ಣು ಕೂಸು ಕೂತಿತ್ತು. ಮರುವರ್ಷ ಆ ಪೊಲೀಸನ್ನ ಜ್ಯೂರಿ ಬಿಟ್ಟುಬಿಡ್ತು. ತಪ್ಪು ಕ್ಯಾಸ್ಟೀಲ್‌ಂದಲ್ಲ, ಅದನ್ನ ಒತ್ತಿ ಹೇಳ್ತೀನಿ. ಆದ್ರ ಕಾನೂನು ಪಾಲಿಸಿದ್ರ ಜೀವ ಉಳಿತದ ಅನ್ನೂ ಖಾತ್ರಿ ಇಲ್ಲ, ಅದ್ರಾಗೂ ಬಣ್ಣಾ ಕಂಡು ಹೆದರೂ ಕಡೆ.

ಇನ್ನ ಹುಡುಗರು. ಅದಽ 2016ರ ಏಪ್ರಿಲ್‌ನಾಗ ಮಿಲ್ವಾಕೀ ಹೆದ್ದಾರಿಯೊಳಗ ಒಬ್ಬ ತಾಯಿ ಗಾಡಿ ನಡಸ್ಲಿಕ್ಕತ್ತಿದ್ಲು. ಸೀಟಿನ ಬುಡಕಿದ್ದ ಪಿಸ್ತೂಲ್ ಹಿಂದ ಜಾರಿ ಅಕಿ ಎರಡು ವರ್ಷದ ಮಗನ ಕೈಗೆ ಸಿಕ್ತು. ಆ ಕೂಸಿನ ಕೈಯಿಂದಽ ತಾಯಿ ಹೋದ್ಲು. ಮುಂದ ನಾ ಏನೂ ಬರ್ಯೂದಿಲ್ಲ.

ಮೈದುನನ ಕಡೀ ವಾದ: "ಕೊಡಗಿನಾಗ ಮನಿಮನಿಗೆ ಬಂದೂಕು ಇಲ್ಲೇನ್ರಿ? ನಾವೂ ಖಂಡೇನವಮಿಗೆ ಆಯುಧ ಪೂಜಾ ಮಾಡೂದಿಲ್ಲೇನು?" ಮಾಡ್ತೀವಪಾ. ಆದ್ರ ಕೊಡವರದು ತಲಿತಲಾಂತರದಿಂದ ಬಂದ ಮನಿತನದ ಆಯುಧ. ಅದನ್ನ ಹೆಂಗ ಹಿಡೀಬೇಕು, ಎಲ್ಲಿಡಬೇಕು ಅಂತ ಹಿರಿಯರು ಕಲಿಸ್ತಾರ. ನೀ ಕೊಂಡು ಎರಡು ತಿಂಗಳಾಗಿಲ್ಲ, ಟಿಶ್ಯೂ ಪೇಪರಿನ ಸಂಗ್ತಿ ಇಟ್ಟೀದಿ. ಕಳ್ಳ ಕಿಡಕಿ ಮುಂದ ಬಂದು ನಿಂತ್ರ ಆ ಡಬ್ಬಿ ತೆರ್ಯೂದ್ರಾಗ ಎಲ್ಲಾ ಮುಗದಿರತದ. ರಾತ್ರಿ ಕಾಜು ಒಡದ್ರ ಪಿಸ್ತೂಲ್ ಅವನ ಪಾಲು.

ಪಿಸ್ತೂಲ್ ಇರ್ಲಿ ಬಿಡ್ಲಿ, ಅಕ್ಕಗೋಳ್ಯಾ, ಇಷ್ಟು ನೆನಪಿಡ್ರಿ. ನಮ್ಮೂರಾಗ ಪೊಲೀಸರು ಕೈ ಅಡ್ಡ ಮಾಡಿದ್ರ ಇಳಿದು, ಕಾಗದ ಹಿಡ್ಕೊಂಡು ಸಾಹೇಬರ ಕಡೆ ಹೋಗೂದು ಮರ್ಯಾದಿ. ಇಲ್ಲೆ ಹಂಗ ಇಳದ್ರ ಮೈಮ್ಯಾಲೆ ಬಂದ್ರು ಅಂತ ತಿಳೀತಾರ. ಸಿಗ್ನಲ್ ಹಾಕಿ ಬಲಕ್ಕ ನಿಲ್ಲಿಸ್ರಿ, ಎಂಜಿನ್ ಬಂದ್ ಮಾಡ್ರಿ, ರಾತ್ರಿ ಇದ್ರ ಒಳಗಿನ ದೀಪಾ ಹಚ್ಚಿ ಕಿಡಕಿ ಇಳಸ್ರಿ. ಎರಡೂ ಕೈ ಸ್ಟೇರಿಂಗ್ ಮ್ಯಾಲೆ. ಬಾಜೂಕ ಕೂತವರ ಕೈನೂ ಕಾಣ್ಸಬೇಕು. ವ್ಯಾನಿಟಿ ಬ್ಯಾಗಿಗೆ, ಗ್ಲೋವ್ ಬಾಕ್ಸಿಗೆ ತಾನಾಗೇ ಕೈ ಹಾಕಬ್ಯಾಡ್ರಿ. "ಲೈಸೆನ್ಸ್ ಇಂಥಾ ಕಡೆ ಅದ, ತಗೀಲ್ಯಾ?" ಅಂತ ಕೇಳಿ, ಹೂಂ ಅಂದ ಮ್ಯಾಲೆ ಸಾವಕಾಶ ತಗೀರಿ. ಇನ್ಶೂರೆನ್ಸ್ ಕಾಗದ ಬಿಸಿಲ ಪಟ್ಟಿಗೆ ಸಿಗಿಸಿಡ್ರಿ. ಅತ್ತಿ-ಮಾವ ಊರಿಂದ ಬಂದ್ರ ಗಾಡಿ ಹತ್ತೂ ಮೊದಲಽ ಅವರಿಗೂ ಇದನ್ನ ಹೇಳ್ರಿ.

ನಾ ಮೈದುನಗ ಹೇಳೀನಿ: ನಿನ್ನ ಗಾಡಿಯೊಳಗ ಅದು ಇರಬೇಕು, ಇಲ್ಲಾ ನನ್ನ ಮಗಳಿರಬೇಕು. ಎರಡೂ ಆಗೂದಿಲ್ಲ. ಅವತ್ತಿಂದ ಅಂವ ಮಾತು ಬಿಟ್ಟಾನ. ಬಿಡ್ಲಿ. ನೆಗೆಣ್ಣಿ ಮಾತ್ರ ನಿನ್ನೆ ಫೋನ್ ಮಾಡಿ, "ಅಕ್ಕಾ, ನನಗ ಮೊದಲಿಂದಾನೂ ಹೆದರಿಕಿ ಇತ್ತು, ಹೇಳ್ಲಿಕ್ಕೆ ಧೈರ್ಯ ಆಗಿದ್ದಿಲ್ಲ" ಅಂದ್ಲು. ನಿಮ್ಮ ಮನಿಯೊಳಗೂ ಹಿಂಗ ಬಾಯಿ ಮುಚ್ಕೊಂಡು ಕೂತಾಕಿ ಒಬ್ಬಾಕಿ ಇರಬಹುದು. ಕೇಳಿ ನೋಡ್ರಿ.

ದೀಪಾವಳಿ ಫರಾಳಕ್ಕ ಅವನಿಗೂ ಕರದೀನಿ. ಚಕ್ಕಲಿ ಅವನಿಗೆ ಸೇರ್ತದ. ಅದನ್ನ ಮನ್ಯಾಗ ಕೀಲಿ ಹಾಕಿಟ್ಟು, ಬರೇ ಕೈಲೆ ಬರ್ಲಿ.