ಸಾಲ ಮಾಡಿ ಸೀಮೆನಾಯಿ ಯಾಕೆ ಸ್ವಾಮಿ?



ಬೆಲೆ, ಬಡ್ಡಿ, ಜಪ್ತಿ ಎಂದು ಬರೆಯುವ ಈ ಪತ್ರಿಕೆಯಲ್ಲಿ ಈ ಸಲ ನಾಯಿಯ ವಿಚಾರ ಬರೆಯುತ್ತಿದ್ದೇನೆ. ನಗಬೇಡಿ. ತೋಟದ ಮನೆಯಲ್ಲಿ ಮಲಗುವವನಿಗೆ ನಾಯಿ ಶೋಕಿಯಲ್ಲ. ಮೋಟಾರಿನ ಕೇಬಲ್ಲು ಕತ್ತರಿಸಿಕೊಂಡು ಹೋಗುತ್ತಾರೆ, ಕೊಟ್ಟಿಗೆಯಿಂದ ಆಡು ಹೊಡೆಯುತ್ತಾರೆ, ಕಣದ ಅಡಿಕೆ ಮಾಯವಾಗುತ್ತೆ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಹಾಸನ ಜಿಲ್ಲೆಯಲ್ಲಿ ಹೊಲದಿಂದಲೇ ಹಣ್ಣು ಕದ್ದರು. ಎರಡು ತಿಂಗಳು ಕಳೆದು ಬೆಲೆ ಬಿದ್ದಾಗ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದರೂ ಕೇಳುವವರಿರಲಿಲ್ಲ. ನಮ್ಮ ಬೆಳೆಗೆ ಬೆಲೆ ಬಂದಿದೆಯೋ ಇಲ್ಲವೋ ಅನ್ನೋದು ಕಳ್ಳನಿಗೆ ಸರ್ಕಾರಕ್ಕಿಂತ ಮೊದಲೇ ಗೊತ್ತಾಗುತ್ತೆ!

ಆದ್ದರಿಂದ ಕಾವಲಿಗೆ ನಾಯಿ ಬೇಕು. ಎಂಥ ನಾಯಿ ಬೇಕು ಅನ್ನೋದೇ ಪ್ರಶ್ನೆ. ಈ ವಿಷಯದಲ್ಲಿ ನಾನು ಬುದ್ಧಿವಂತನಾಗಿ ಬರೆಯುತ್ತಿಲ್ಲ, ಕೆಟ್ಟು ಬುದ್ಧಿ ಕಲಿತವನಾಗಿ ಬರೆಯುತ್ತಿದ್ದೇನೆ.

2018ರಲ್ಲಿ ನಮ್ಮ ಹುಡುಗ ಹಟ ಹಿಡಿದ. ಪಕ್ಕದೂರಿನಲ್ಲಿ ಯಾರೋ ರಾಟ್‌ವೀಲರ್ ಸಾಕಿದ್ದರಂತೆ, ಅದನ್ನು ಕಂಡರೆ ಊರೇ ಹೆದರುತ್ತಂತೆ. ನನಗೂ ಒಳಗೊಳಗೇ ಆಸೆ. ಸೊಸೈಟಿ ಸಾಲ ಕಟ್ಟೋಕೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಹದಿನಾರು ಸಾವಿರ ಕೊಟ್ಟು ಮರಿ ತಂದೆವು. ಬಡ್ಡಿಯಿಲ್ಲದ ಸಾಲ ವಾಯಿದೆ ದಾಟಿದರೆ ಬಡ್ಡಿಯ ಸಾಲವಾಗುತ್ತದೆಂದು ನಿಮಗೇನು ಹೇಳಬೇಕು? ವಾಯಿದೆ ದಾಟಿತು, ಬಡ್ಡಿಯೂ ಬಿತ್ತು.

ಮರಿ ಬೆಳೆಯಿತು. ಯಾರನ್ನಾದರೂ ಕಚ್ಚೀತು ಎಂದು ಹಗಲೆಲ್ಲಾ ಸರಪಳಿ ಹಾಕಿ ಕಟ್ಟಿದೆವು. ಕಟ್ಟಿದ್ದಕ್ಕೇ ಅದು ಇನ್ನೂ ಸಿಡುಕಾಯಿತು. ಒಂದು ಮಧ್ಯಾಹ್ನ ಕಳೆ ಕೀಳಲು ಬಂದಿದ್ದ ಹೆಂಗಸಿನ ಏಳು ವರ್ಷದ ಮಗಳು ನೀರು ಕುಡಿಯಲು ತೊಟ್ಟಿಯ ಹತ್ತಿರ ಬಂತು. ಸರಪಳಿಯ ಕೊಂಡಿ ಕಳಚಿತು. ಮಗುವಿನ ಮುಂಗೈ ಹರಿಯಿತು. ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಕೇಳಿದ್ದು ಒಂದೇ ಮಾತು, "ನಾಯಿಗೆ ಹುಚ್ಚಿನ ಲಸಿಕೆ ಹಾಕಿಸಿದ್ದೀರಾ ಯಜಮಾನ್ರೇ?" ಹದಿನಾರು ಸಾವಿರ ಕೊಟ್ಟು ನಾಯಿ ತಂದವನ ಬಾಯಲ್ಲಿ ಉತ್ತರವಿರಲಿಲ್ಲ. ಮಗುವಿಗೆ ಪೂರ್ತಿ ಇಂಜೆಕ್ಷನ್ ಆಯಿತು, ದೇವರ ದಯದಿಂದ ಏನೂ ಆಗಲಿಲ್ಲ. ಆ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆದರೆ ನಮ್ಮ ಹೊಲಕ್ಕೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಉಣ್ಣೆ ಹತ್ತಿ, ಜ್ವರ ಬಂದು ಆ ನಾಯಿಯೂ ಸತ್ತಿತು. ಅದರ ತಪ್ಪೇನೂ ಇರಲಿಲ್ಲ ಸ್ವಾಮಿ, ತಪ್ಪು ನನ್ನದು.

ಯೋಚನೆ ಮಾಡಿ ನೋಡಿ. ರಾಟ್‌ವೀಲರ್ ಅನ್ನೋದು ಜರ್ಮನಿಯ ರಾಟ್‌ವೀಲ್ ಪಟ್ಟಣದ ಕಟುಕರು ದನ ಹೊಡೆಯೋಕೆ ಸಾಕಿದ ನಾಯಿ. ಜರ್ಮನ್ ಶೆಫರ್ಡ್ ಆ ದೇಶದ ಕುರುಬರ ನಾಯಿ, ಅಲ್ಲಿನ ಚಳಿಗೆ ಮೈತುಂಬ ಎರಡು ಪದರ ಕೂದಲು. ಅಲ್ಲಿನವರು ತಮ್ಮ ಕೆಲಸಕ್ಕೆ, ತಮ್ಮ ಹವೆಗೆ ತಕ್ಕಂತೆ ಸಾಕಿಕೊಂಡರು. ನಾವು ಹೆಸರು ನೋಡಿ ತಂದು ಏಪ್ರಿಲ್ ಬಿಸಿಲಲ್ಲಿ ಜಿಂಕ್ ಶೀಟಿನ ಕೆಳಗೆ ಕಟ್ಟುತ್ತೇವೆ.

"ಹಾಗಾದ್ರೆ ನಮ್ಮ ಮುಧೋಳ ನಾಯಿ ತರೋಣ" ಅಂತೀರಿ. ಅದು ಹೆಮ್ಮೆಯ ನಾಯಿಯೇ, ಸಂಶಯವಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅದರ ಹೆಸರು ಹೇಳಿದರು. ಆದರೆ ಅದು ಮೂಲದಲ್ಲಿ ಬೇಟೆ ನಾಯಿ, ಕಣ್ಣಿಗೆ ಬಿದ್ದ ಮೊಲದ ಹಿಂದೆ ಗಾಳಿಯಂತೆ ಓಡುವ ನಾಯಿ. ಬಯಲು ಇದ್ದವನು, ಓಡಾಡಿಸಲು ಪುರಸೊತ್ತು ಇದ್ದವನು ಸಾಕಲಿ. ಮೂರು ಅಡಿ ಸರಪಳಿಯಲ್ಲಿ ಕಟ್ಟಿಹಾಕುವುದಾದರೆ ಅದನ್ನು ತರುವುದು ಪಾಪ.

ಕಾವಲು ನಾಯಿಯ ಕೆಲಸ ಏನು? ಕಚ್ಚೋದಲ್ಲ, ಎಬ್ಬಿಸೋದು. ಕಳ್ಳನಿಗೆ ನಾಯಿಯ ಹಲ್ಲಿಗಿಂತ ಮನೆಯವರು ಎದ್ದು ದೀಪ ಹಾಕುತ್ತಾರೆ ಅನ್ನೋದೇ ಹೆಚ್ಚಿನ ಭಯ. ಆ ಕೆಲಸಕ್ಕೆ ನಮ್ಮೂರಿನ ನಾಯಿ ಸಾಕು. ಈ ಬಿಸಿಲು, ಈ ಮುದ್ದೆ, ಈ ಮಳೆ ಎಲ್ಲಕ್ಕೂ ಅದು ಒಗ್ಗಿದೆ. ಅದನ್ನು ಕಂತ್ರಿ ನಾಯಿ ಎಂದು ಹೀಗಳೆಯುತ್ತೇವೆ. ನಾಟಿ ಹಸು, ನಾಟಿ ಬಿತ್ತನೆಯನ್ನು ಹೀಗಳೆದು ಏನು ಕಳೆದುಕೊಂಡೆವು ಎಂಬುದು ಗೊತ್ತಿದ್ದೂ ಇದೇ ತಪ್ಪು ಮಾಡುತ್ತಿದ್ದೇವೆ.

ಮರಿ ಆರಿಸುವಾಗ ಮೊದಲು ತಾಯಿಯನ್ನು ನೋಡಿ. ಅಪರಿಚಿತರು ಬಂದಾಗ ಬೊಗಳಿ, ಯಜಮಾನ ಸುಮ್ಮನಿರು ಎಂದರೆ ಸುಮ್ಮನಾಗುವ ತಾಯಿ ಒಳ್ಳೆಯದು. ಎರಡು ತಿಂಗಳು ತುಂಬುವ ಮುಂಚೆ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಮರಿಗಳ ಹತ್ತಿರ ಒಂದು ತಟ್ಟೆ ಬೀಳಿಸಿ ನೋಡಿ. ಮೂಲೆಗೆ ಓಡಿ ಈಚೆಗೇ ಬಾರದ ಮರಿ ಬೇಡ, ಪುಕ್ಕಲು ನಾಯಿ ಹೆದರಿಕೆಗೇ ಕಚ್ಚುತ್ತೆ. ಅನ್ನದ ಮುಂದೆ ಒಡಹುಟ್ಟಿದವನ್ನೆಲ್ಲಾ ಕಚ್ಚಿ ಓಡಿಸುವ ಮರಿಯೂ ಬೇಡ. ಬೆಚ್ಚಿಬಿದ್ದು, ಆಮೇಲೆ ಏನದು ಎಂದು ಮೂಸಲು ಬರುತ್ತಲ್ಲ, ಆ ಮರಿ ನಿಮ್ಮದು.

ತಂದ ಮೇಲೆ ಮೂರು ನಾಲ್ಕು ತಿಂಗಳು ತುಂಬುವುದರೊಳಗೆ ಮನೆಯ ಮಕ್ಕಳು, ದನ, ಕೋಳಿ, ಟ್ರ್ಯಾಕ್ಟರ್ ಸದ್ದು, ಕೆಲಸಕ್ಕೆ ಬರುವ ಆಳುಕಾಳು ಎಲ್ಲವನ್ನೂ ಪರಿಚಯ ಮಾಡಿಸಿ. ಆ ವಯಸ್ಸಿನಲ್ಲಿ ಕಂಡದ್ದನ್ನು ನಾಯಿ ತನ್ನವರೆಂದು ತಿಳಿಯುತ್ತೆ. ಹಗಲೆಲ್ಲಾ ಕಟ್ಟಿಹಾಕಬೇಡಿ. ಮರಿ ಬೊಗಳಲಿಲ್ಲ ಅಂತ ಬೈಯಬೇಡಿ, ಕಾವಲಿನ ಬುದ್ಧಿ ಬರಲು ವರ್ಷ ಬೇಕು. ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಹೊರಗೆ ಕಟ್ಟುವುದೆಂದರೆ ಚಿರತೆಗೆ ಊಟ ಇಟ್ಟಂತೆ. ಜಗಲಿಯ ಮೇಲೆ, ಬಾಗಿಲ ಮರೆಯಲ್ಲಿ ಜಾಗ ಕೊಡಿ, ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕಿ.

ನಾಯಿಗೆ ದುಡ್ಡು ಹಾಕುವುದಾದರೆ ಜಾತಿಗೆ ಹಾಕಬೇಡಿ, ಲಸಿಕೆಗೆ ಹಾಕಿ. ಆರರಿಂದ ಎಂಟು ವಾರಕ್ಕೆ ರಕ್ತಭೇದಿಯ ಪಾರ್ವೋ ರೋಗದ ಲಸಿಕೆ ಶುರು, ಮೂರು ತಿಂಗಳಿಗೆ ಹುಚ್ಚಿನ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ. ಯಾವ ನಾಯಿ ಕಚ್ಚಿದರೂ ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಹೇಳಿದ ದಿನಕ್ಕೆಲ್ಲಾ ಇಂಜೆಕ್ಷನ್ ಮುಗಿಸಿ. ಹುಚ್ಚಿನ ಲಕ್ಷಣ ಕಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಇನ್ನೊಂದು ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸಜೆ, ಐದು ಸಾವಿರದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಈಗ ನಮ್ಮ ಮನೆಯಲ್ಲಿರುವುದು ಕೆಂಚಿ. ಊರಬಾಗಿಲ ಹೆಣ್ಣುನಾಯಿಯ ಮರಿ, ಒಂದು ಸೇರು ರಾಗಿ ಕೊಟ್ಟು ತಂದದ್ದು. ಮರಿ ಹಾಕುತ್ತೆ ಅಂತ ಹೆಣ್ಣನ್ನು ಎಲ್ಲರೂ ಬೇಡ ಅಂತಾರೆ. ಪಶು ಡಾಕ್ಟರ ಹತ್ತಿರ ಆಪರೇಷನ್ ಮಾಡಿಸಿದರೆ ಆಯಿತು, ಮನೆ ಬಿಟ್ಟು ಅಲೆಯುವುದೂ ಇಲ್ಲ. ಹೋದ ವರ್ಷ ಅಮಾವಾಸ್ಯೆಯ ರಾತ್ರಿ ಬೋರ್‌ವೆಲ್ ಕಡೆ ಮುಖ ಮಾಡಿ ಬಿಡದೆ ಬೊಗಳಿದಳು. ಬ್ಯಾಟರಿ ಹಾಕಿಕೊಂಡು ಹೋಗುವಷ್ಟರಲ್ಲಿ ಕತ್ತರಿಸುತ್ತಿದ್ದ ಕೇಬಲ್ಲು ಅರ್ಧಕ್ಕೆ ಬಿಟ್ಟು ಓಡಿದ್ದರು. ಕೆಂಚಿ ಯಾರನ್ನೂ ಕಚ್ಚಲಿಲ್ಲ. ಅವಳ ಲಸಿಕೆಯ ಚೀಟಿ ಪಹಣಿಯ ಜೊತೆ ಪೆಟ್ಟಿಗೆಯಲ್ಲಿದೆ.

ಬಂಧುಗಳೇ, ಬೊಗಳಲಾರದ ನಾಯಿ ಕುರಿಹಟ್ಟಿಗೆ ತೋಳ ತಂದಿತಂತೆ. ರಾತ್ರಿಯ ಕಳ್ಳನಿಗೆ ನಾಯಿ ಬೊಗಳುತ್ತೆ. ಹಗಲು ಹೊತ್ತು ತಕ್ಕಡಿಯಲ್ಲಿ, ಬಡ್ಡಿ ಲೆಕ್ಕದಲ್ಲಿ ಆಗುವ ಕಳವಿಗೆ ಬೊಗಳಬೇಕಾದವರು ನಾವೇ. ಅದಕ್ಕೆ ಯಾವ ಸೀಮೆಯಿಂದಲೂ ನಾಯಿ ತರಿಸಲು ಆಗುವುದಿಲ್ಲ.